ಬಲೆ ಇಳಿಸಿ ಫಿರಂಗಿ ಏರಿಸಿದ ಟ್ರಾಲರ್‌ಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ‘ಬೆಡ್‌ಫರ್ಡ್‌ಶೈರ್’ ಎಂಬ ಬ್ರಿಟಿಷ್ ಟ್ರಾಲರಿನ ಬಗ್ಗೆ ಬರೆದಿದ್ದೆವು. ಅದು 1935ರಲ್ಲಿ ಮೀನು ಹಿಡಿಯಲೆಂದು ಕಟ್ಟಿದ, ಸುಮಾರು 160 ಅಡಿ ಉದ್ದದ ಉಗಿ ಹಡಗು. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆ ಅದನ್ನು ಪಡೆದು ಗಸ್ತು ಹಡಗಾಗಿ ಮಾರ್ಪಡಿಸಿತು. 1942ರ ಮೇ ತಿಂಗಳಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾ ಕರಾವಳಿಯಾಚೆ ಯು-558 ಎಂಬ ಜರ್ಮನ್ ಸಬ್‌ಮರೀನಿನ ಟಾರ್ಪಿಡೊ ತಗುಲಿ, ಹಡಗಿನಲ್ಲಿದ್ದ ಎಲ್ಲರೊಂದಿಗೆ ಮುಳುಗಿತು. ಆ ಲೇಖನ ಓದಿದವರಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಯುದ್ಧದ ಬಗ್ಗೆ ಅಲ್ಲ, ಮಾರ್ಪಾಡಿನ ಬಗ್ಗೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಜಗತ್ತಿನಲ್ಲೇ ದೊಡ್ಡ ನೌಕಾಪಡೆ ಎನಿಸಿಕೊಂಡಿದ್ದ ಬ್ರಿಟನ್‌ಗೆ ಮೀನು ಹಡಗುಗಳ ಮೊರೆ ಹೋಗುವ ಗತಿ ಏಕೆ ಬಂತು?

ಉತ್ತರ: ಗತಿಗೆಟ್ಟು ಮೊರೆ ಹೋದದ್ದಲ್ಲ, ಮೊದಲೇ ಲೆಕ್ಕ ಹಾಕಿ ಇಟ್ಟದ್ದು. 1904–05ರ ರಷ್ಯಾ-ಜಪಾನ್ ಯುದ್ಧದಲ್ಲಿ ಎರಡೂ ಕಡೆಯ ದೊಡ್ಡ ಯುದ್ಧನೌಕೆಗಳು ಸಮುದ್ರದ ಮೈನ್‌ಗಳಿಗೆ, ಅಂದರೆ ನೀರಿನಲ್ಲಿ ಅಡಗಿಸಿಟ್ಟ ಸ್ಫೋಟಕಗಳಿಗೆ, ಬಲಿಯಾದದ್ದನ್ನು ಎಲ್ಲರೂ ನೋಡಿದ್ದರು. 1907ರಲ್ಲಿ ಅಡ್ಮಿರಲ್ ಚಾರ್ಲ್ಸ್ ಬೆರೆಸ್‌ಫರ್ಡ್ ಗ್ರಿಮ್ಸ್‌ಬಿಯ ಮೀನುಗಾರಿಕೆ ಬಂದರನ್ನು ನೋಡಿ ಬಂದು, ಮೈನ್ ಗುಡಿಸುವ, ಅಂದರೆ ಅವನ್ನು ಹುಡುಕಿ ತೆಗೆಯುವ, ಕೆಲಸಕ್ಕೆ ಟ್ರಾಲರ್‌ಗಳೇ ಸರಿ ಎಂದು ಸೂಚಿಸಿದರು. ಮರುವರ್ಷ ‘ಆಲ್ಗೋಮ’, ‘ಆಂಡೀಸ್’ ಎಂಬ ಎರಡು ಗ್ರಿಮ್ಸ್‌ಬಿ ಟ್ರಾಲರ್‌ಗಳನ್ನು ಪಡೆದು ಪೋರ್ಟ್‌ಲೆಂಡ್ ಬಳಿ ಪರೀಕ್ಷೆ ಮಾಡಿದರು. 1910ರಲ್ಲಿ ನೌಕಾ ಮೀಸಲು ಪಡೆಯೊಳಗೆ ಟ್ರಾಲರ್ ವಿಭಾಗವೇ ಹುಟ್ಟಿತು. ಮೊದಲ ಮಹಾಯುದ್ಧ ಮುಗಿಯುವಷ್ಟರಲ್ಲಿ ಬಲೆ ಎಳೆಯುವ ಟ್ರಾಲರ್, ಬಲೆ ತೇಲಿಬಿಡುವ ಡ್ರಿಫ್ಟರ್ ಎರಡೂ ಸೇರಿ ಸುಮಾರು 3,000 ಮೀನು ಹಡಗುಗಳು ನೌಕಾಪಡೆಯ ಕೆಲಸ ಮಾಡಿದ್ದವು.

ಟ್ರಾಲರಿನಲ್ಲಿ ನೌಕಾಪಡೆಗೆ ಬೇಕಾದ ಮೂರು ಸಂಗತಿಗಳು ಮೊದಲೇ ಇದ್ದವು. ಒಂದು, ಎಂಥ ಚಳಿಗಾಲದ ಕಡಲಲ್ಲೂ ವಾರಗಟ್ಟಲೆ ನಿಲ್ಲಬಲ್ಲ ಒಡಲು: ಮೂತಿ ಎತ್ತರ, ಹಿಂಭಾಗ ನೀರಿನಲ್ಲಿ ಆಳ. ಎರಡು, ನೂರಾರು ಮೀಟರ್ ಉಕ್ಕಿನ ಹಗ್ಗವನ್ನು ಸುತ್ತಿ ಬಿಚ್ಚುವ ಬಲವಾದ ಉಗಿ ವಿಂಚ್. ಮೂರನೆಯದು ಎಲ್ಲಕ್ಕಿಂತ ದುಬಾರಿ: ಆ ಹಗ್ಗವನ್ನು ಕತ್ತಲಲ್ಲೂ ಮಳೆಯಲ್ಲೂ ಕೈ ಕಳೆದುಕೊಳ್ಳದೆ ನಿಭಾಯಿಸುವ ಜನ. ಹಡಗನ್ನು ತಿಂಗಳುಗಳಲ್ಲಿ ಕಟ್ಟಬಹುದು, ಅಂಥ ತಾಂಡೇಲನನ್ನೂ ಕಲಾಸಿಗಳನ್ನೂ ಕಟ್ಟಲಾಗದು.

ಪ್ರಶ್ನೆ: ಹಡಗುಕಟ್ಟೆಗೆ ಬಂದ ಟ್ರಾಲರಿಗೆ ಏನೇನು ಮಾಡುತ್ತಿದ್ದರು? ಮೊದಲಿನಿಂದ ಕೊನೆಯವರೆಗೆ ವಿವರಿಸಿ.

ಉತ್ತರ: ಮೊದಲು ತಪಾಸಣೆ. ಒಡಲಿನ ತಗಡು ಎಲ್ಲಿ ಸವೆದಿದೆ, ರಿವೆಟ್‌ಗಳು ಸಡಿಲವಾಗಿವೆಯೇ, ಬಾಯ್ಲರಿನ ಕೊಳವೆಗಳು ಎಷ್ಟು ದಿನ ಬಾಳುತ್ತವೆ ಎಂದು ನೋಡುತ್ತಾರೆ. ಬಲೆಯ ಹಲಗೆಗಳು ಬಡಿದು ಬಡಿದು ಟ್ರಾಲರಿನ ಪಕ್ಕೆಗಳು ತಗ್ಗಾಗಿರುವುದು ಸಾಮಾನ್ಯ. ಅದು ಅಷ್ಟು ಚಿಂತೆಯ ವಿಷಯವಲ್ಲ. ಮೀನಿನ ಉಗ್ರಾಣದ ಕೆಳಗಿನ ತಗಡು ಮಾತ್ರ ನಿಜವಾದ ಚಿಂತೆ. ಮಂಜುಗಡ್ಡೆ ಕರಗಿದ ನೀರು, ಮೀನಿನ ಲೋಳೆ, ಉಪ್ಪು ಇವೆಲ್ಲ ಅಲ್ಲಿ ವರ್ಷಗಟ್ಟಲೆ ನಿಂತು ಒಳಗಿನಿಂದಲೇ ಉಕ್ಕನ್ನು ತಿಂದಿರುತ್ತವೆ. ಹೊರಗಿಂದ ಬಣ್ಣ ಹೊಳೆಯುತ್ತಿರುತ್ತದೆ.

ಆಮೇಲೆ ಬಿಚ್ಚುವ ಕೆಲಸ. ಬಲೆ, ಹಲಗೆ, ಬಲೆಯ ಹಗ್ಗ ಹಾಯುವ ಕಬ್ಬಿಣದ ಕಮಾನುಗಳು, ಡೆಕ್ ಮೇಲೆ ಮೀನು ಸುರಿಯುವ ಕಟಕಟೆ ಎಲ್ಲ ಹೊರಗೆ. ವಿಂಚ್ ಮಾತ್ರ ಹಡಗಿನ ಮುಂದಿನ ಕೆಲಸವನ್ನು ನೋಡಿ. ಮೈನ್ ಗುಡಿಸುವುದಾದರೆ ಅದು ಇರಲೇಬೇಕು, ಸಬ್‌ಮರೀನ್ ಬೇಟೆಗಾದರೆ ಕಿತ್ತು ತೂಕ ಉಳಿಸುತ್ತಾರೆ.

ಮೂರನೆಯದು ಉಗ್ರಾಣ. ಮರದ ಅಡ್ಡಹಲಗೆಗಳನ್ನೂ ಶೀತ ತಡೆಯುವ ಒಳಪದರವನ್ನೂ ಕೀಳಬೇಕು. ಇಲ್ಲಿ ಅವಸರ ಮಾಡಿದರೆ ಜೀವ ಹೋಗುತ್ತದೆ. ಕೊಳೆತ ಲೋಳೆಯಿಂದ ಹೈಡ್ರೊಜನ್ ಸಲ್ಫೈಡ್ ಅನಿಲ ಬರುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ, ಪ್ರಮಾಣ ಹೆಚ್ಚಾದರೆ ಮೂಗೇ ಸತ್ತು ವಾಸನೆ ನಿಂತಂತೆ ಅನಿಸುತ್ತದೆ. ‘ವಾಸನೆ ಹೋಯಿತು’ ಎಂದು ಇಳಿದವನು ಮೇಲೆ ಬರುವುದಿಲ್ಲ. ಆದ್ದರಿಂದ ಮುಚ್ಚಳ ತೆಗೆದು ಗಾಳಿ ಆಡಿಸಿ, ತಳದ ನೀರು ಹೊರಹಾಕಿ, ಆಮೇಲೆ ಕೆರೆದು ತೊಳೆದು ಸುಣ್ಣ ಬಳಿಯುವುದು ಕ್ರಮ. ತಳದ ಪಂಪಿನ ಜಾಲರಿಗಳನ್ನು ಆಗಲೇ ಬಿಚ್ಚಿ ಶುಚಿ ಮಾಡಬೇಕು. ಮೀನಿನ ಹುರುಪೆ, ಕಲ್ಲಿದ್ದಲ ಪುಡಿ ಸೇರಿ ಸಿಮೆಂಟಿನಂತೆ ಗಟ್ಟಿಯಾಗಿರುತ್ತದೆ. ಇದನ್ನು ಬಿಟ್ಟರೆ ಹಡಗು ಸೋರಿದ ದಿನ ಪಂಪ್ ಗಾಳಿ ಎಳೆಯುತ್ತದೆ, ನೀರು ಎಳೆಯುವುದಿಲ್ಲ.

ಶುಚಿಯಾದ ಉಗ್ರಾಣವೇ ನಾವಿಕರ ವಸತಿ. ಮೀನುಗಾರಿಕೆಯಲ್ಲಿ 20 ಜನರ ಆಸುಪಾಸು ಇದ್ದ ಹಡಗಿಗೆ ಈಗ 30ರಿಂದ 40 ಜನ. ಮಲಗುವ ಕಟ್ಟೆ, ಮೆಟ್ಟಿಲು, ಗಾಳಿಕೊಳವೆ, ಹೆಚ್ಚುವರಿ ಸಿಹಿನೀರಿನ ಟ್ಯಾಂಕು, ಶೌಚ ಎಲ್ಲ ಹೊಸದಾಗಿ ಬೇಕು. ಒಳಪದರ ಕಿತ್ತ ಬರಿಯ ಉಕ್ಕಿನ ಗೋಡೆಯ ಆಚೆ ತಣ್ಣನೆಯ ಕಡಲು, ಈಚೆ ನಲವತ್ತು ಜನರ ಉಸಿರು. ರಾತ್ರಿಯಿಡೀ ಗೋಡೆ ಬೆವರುತ್ತದೆ, ಹಾಸಿಗೆ ಒದ್ದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಉಗ್ರಾಣ ಎಂದರೆ ಹಡಗಿನ ನಡುವಿನ ಒಂದೇ ದೊಡ್ಡ ಕೋಣೆ. ಅದಕ್ಕೆ ತೂತು ಬಿದ್ದರೆ ತಡೆಯುವ ಅಡ್ಡಗೋಡೆ ಇಲ್ಲ. ಮೈನ್ ಅಥವಾ ಟಾರ್ಪಿಡೊ ತಗುಲಿದ ಟ್ರಾಲರ್‌ಗಳು ಒಂದೆರಡು ನಿಮಿಷದಲ್ಲೇ ಕಾಣೆಯಾಗುತ್ತಿದ್ದುದು ಇದರಿಂದಲೇ. ಜಾಗವಿದ್ದರೆ ಅಲ್ಲಿ ಒಂದು ಜಲನಿರೋಧಕ ಅಡ್ಡಗೋಡೆ ಕಟ್ಟುವುದು ಇನ್ನೊಂದು ಫಿರಂಗಿ ಏರಿಸುವುದಕ್ಕಿಂತ ಒಳ್ಳೆಯದು ಎಂಬುದು ನಮ್ಮ ಎಣಿಕೆ.

ನಾಲ್ಕನೆಯದು ಫಿರಂಗಿ. ಹನ್ನೆರಡು ಪೌಂಡ್ ತೂಕದ ಗುಂಡು ಹಾರಿಸುವಂಥದ್ದು ಅಥವಾ 4 ಇಂಚು ಬಾಯಿಯದು, ಮೂತಿಯ ಮೇಲೆ ಎತ್ತರದ ಜಗಲಿ ಕಟ್ಟಿ ಅದರ ಮೇಲೆ ಕೂರಿಸುತ್ತಾರೆ. ಟ್ರಾಲರಿನ ಡೆಕ್ ಜನ ನಡೆದಾಡಲು, ಬಲೆ ಎಳೆಯಲು ಹಾಕಿದ್ದು. ಫಿರಂಗಿಯ ಹಿನ್ನೂಕು ತಡೆಯಲು ಅಲ್ಲ. ಆದ್ದರಿಂದ ಡೆಕ್ಕಿಗೆ ಎರಡನೇ ತಗಡು, ಕೆಳಗೆ ತೊಲೆಗಳು, ಅವುಗಳ ಕೆಳಗೆ ತಳದ ಬೆನ್ನೆಲುಬಿನವರೆಗೆ ಕಂಬಗಳು. ಕಂಬವನ್ನು ಅರ್ಧಕ್ಕೆ, ಕೆಳ ಡೆಕ್ಕಿನ ಮೇಲೆ ನಿಲ್ಲಿಸಿದರೆ ಬಲವೆಲ್ಲ ಆ ಡೆಕ್ಕಿಗೆ ಬಿದ್ದು ಅಲ್ಲಿನ ರಿವೆಟ್‌ಗಳು ಸಡಿಲವಾಗುತ್ತವೆ. ನಾಲ್ಕಾರು ಗುಂಡು ಹಾರಿಸಿದ ಮೇಲೆ ಮೂತಿಯಲ್ಲಿ ನೀರು ಜಿನುಗಲು ತೊಡಗಿದರೆ ಇದೇ ಕಾರಣ. ಚುಕ್ಕಾಣಿ ಕೋಣೆಯ ಗಾಜು ಮೊದಲ ಗುಂಡಿಗೇ ಪುಡಿ. ಗುಂಡು ಹಾರಿಸುವ ಮುನ್ನ ಕಿಟಕಿಗಳನ್ನು ಕೆಳಗಿಳಿಸುವ ಅಭ್ಯಾಸ ಬೇಕು.

ಮದ್ದಿನ ಕೋಣೆ ಬಾಯ್ಲರಿನಿಂದ ದೂರ, ನೀರಿನ ಮಟ್ಟಕ್ಕಿಂತ ಕೆಳಗೆ, ಬೆಂಕಿ ಹತ್ತಿದರೆ ಸಮುದ್ರದ ನೀರು ತುಂಬಿಸುವ ಕವಾಟದೊಂದಿಗೆ. ಆ ಕವಾಟದ ಹಿಡಿ ಕೋಣೆಯ ಹೊರಗೆ, ಡೆಕ್ ಮೇಲೆ ಇರಬೇಕು. ಇದನ್ನೂ ಹೇಳಬೇಕೇ ಎನ್ನಬೇಡಿ, ಅವಸರದ ಕೆಲಸದಲ್ಲಿ ತಪ್ಪುವುದು ಇಂಥವೇ.

ಸಬ್‌ಮರೀನ್ ಬೇಟೆಯ ಹಡಗಾದರೆ ಒಣ ಕಟ್ಟೆಗೆ ಏರಿಸಿ ತಳದಲ್ಲಿ ರಂಧ್ರ ಕೊರೆದು ಆಸ್ಡಿಕ್, ಅಂದರೆ ಶಬ್ದ ಕಳಿಸಿ ಪ್ರತಿಧ್ವನಿಯಿಂದ ಸಬ್‌ಮರೀನ್ ಹುಡುಕುವ ಇಂದಿನ ಸೋನಾರ್, ಅದರ ಗುಮ್ಮಟ ಕೂರಿಸುತ್ತಾರೆ. ಜಾಗ ತಪ್ಪಬಾರದು. ತೀರ ಮೂತಿಯಲ್ಲಿಟ್ಟರೆ ಅಲೆ ಒಡೆದ ಗುಳ್ಳೆಗಳಲ್ಲಿ ಶಬ್ದ ಸಾಯುತ್ತದೆ, ಹಿಂದಿಟ್ಟರೆ ಪ್ರೊಪೆಲರಿನ ಗದ್ದಲ. ಹಡಗಿನ ಹಳೆಯ ಡೈನಮೊ ಕೆಲವು ದೀಪಗಳಿಗಷ್ಟೇ ಸಾಕಾಗುವಂಥದ್ದು. ಆಸ್ಡಿಕ್, ರೇಡಿಯೊ ಎರಡಕ್ಕೂ ಎರಡನೇ ಜನರೇಟರ್ ಬೇಕು. ಹಿಂಭಾಗದಲ್ಲಿ ಡೆಪ್ತ್ ಚಾರ್ಜ್, ಅಂದರೆ ನೀರಿನ ಆಳದಲ್ಲಿ ಸಿಡಿಯುವ ಬಾಂಬು, ಉರುಳಿಸುವ ಹಳಿ, ಎಡಬಲಕ್ಕೆ ಎಸೆಯುವ ಯಂತ್ರ. ಇಷ್ಟಾದ ಮೇಲೆ ಬೂದು ಬಣ್ಣ, ಮೀನುಗಾರಿಕೆಯ ನೋಂದಣಿ ಸಂಖ್ಯೆ ಅಳಿಸಿ ನೌಕಾಪಡೆಯ ಸಂಖ್ಯೆ. ಬೆಡ್‌ಫರ್ಡ್‌ಶೈರ್‌ನದು ಎಫ್‌ವೈ 141.

ಪ್ರಶ್ನೆ: ಮೇಲೆ ಇಷ್ಟೊಂದು ಭಾರ ಹೇರಿದರೆ ಹಡಗು ಮಗುಚುವುದಿಲ್ಲವೇ?

ಉತ್ತರ: ಪ್ರಶ್ನೆಗಳಲ್ಲೆಲ್ಲ ಇದೇ ಮುಖ್ಯವಾದದ್ದು. ಫಿರಂಗಿ ಕೂರಿಸುವುದು ಫಿಟ್ಟರನ ಕೆಲಸ, ಭಾರ ಸರಿದೂಗಿಸುವುದು ಮಾರ್ಪಾಡಿನ ನಿಜವಾದ ಕೆಲಸ.

ಟ್ರಾಲರನ್ನು ಕಟ್ಟುವವನು ಅದು ತಳದಲ್ಲಿ ಮೀನು, ಮಂಜುಗಡ್ಡೆ, ಕಲ್ಲಿದ್ದಲು ತುಂಬಿಕೊಂಡು ಓಡುತ್ತದೆ ಎಂದು ಎಣಿಸಿಯೇ ಕಟ್ಟಿರುತ್ತಾನೆ. ಯುದ್ಧದ ಕೆಲಸದಲ್ಲಿ ಉಗ್ರಾಣದಲ್ಲಿ ಮನುಷ್ಯರು. ಅವರ ತೂಕ ಎಷ್ಟು ಮಹಾ? ಕೆಳಗೆ ಹಗುರ, ಮೇಲೆ ಭಾರ. ಲೆಕ್ಕ ನೋಡಿ. 700 ಟನ್ ತೂಕದ ಹಡಗಿನ ಭಾರಕೇಂದ್ರಕ್ಕಿಂತ 5 ಮೀಟರ್ ಮೇಲೆ 10 ಟನ್ ಇಟ್ಟರೆ ಭಾರಕೇಂದ್ರ 50 ಭಾಗಿಸು 710, ಅಂದರೆ 7 ಸೆಂಟಿಮೀಟರ್ ಮೇಲಕ್ಕೆ ಹೋಗುತ್ತದೆ. ಕೇಳಲು ಅಲ್ಪ. ಆದರೆ ಹಡಗನ್ನು ನೆಟ್ಟಗೆ ನಿಲ್ಲಿಸುವ ಅಂತರ, ಎಂಜಿನಿಯರ್‌ಗಳು ಮೆಟಾಸೆಂಟರ್ ಎತ್ತರ ಎನ್ನುವುದು, ಇಂಥ ಹಡಗಿನಲ್ಲಿ 60 ಸೆಂಟಿಮೀಟರ್ ಇದ್ದರೆ, ಒಂದು ಫಿರಂಗಿ ಜಗಲಿಗೇ ಅದರಲ್ಲಿ ಒಂಬತ್ತರಲ್ಲಿ ಒಂದು ಪಾಲು ಹೋಯಿತು.

ಪರಿಹಾರ ಉಗ್ರಾಣದ ತಳದಲ್ಲಿ ಬ್ಯಾಲಸ್ಟ್: ಕಬ್ಬಿಣದ ಗಟ್ಟಿ, ಕಲ್ಲು, ಕಾಂಕ್ರೀಟು. ಎಷ್ಟು ಬೇಕು ಎಂಬುದನ್ನು ಊಹಿಸಬಾರದು, ಅಳೆಯಬೇಕು. ನೀರು ನಿಶ್ಚಲವಿರುವ ಕಟ್ಟೆಯಲ್ಲಿ, ಹಗ್ಗ ಸಡಿಲಿಸಿ, ಟ್ಯಾಂಕುಗಳು ಪೂರ್ತಿ ತುಂಬಿ ಅಥವಾ ಪೂರ್ತಿ ಖಾಲಿ ಇರುವಾಗ, ಡೆಕ್ ಮೇಲೆ 2 ಟನ್ ತೂಕವನ್ನು ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ 5 ಮೀಟರ್ ಸರಿಸಿ. ಒಳಗೆ 3 ಮೀಟರ್ ದಾರಕ್ಕೆ ಕಟ್ಟಿದ ತೂಗುಗುಂಡು ಎಷ್ಟು ಸರಿಯಿತು ನೋಡಿ. 700 ಟನ್ ಹಡಗಿನಲ್ಲಿ ಗುಂಡು 71 ಮಿಲಿಮೀಟರ್ ಸರಿದರೆ ಆ ಅಂತರ ಸುಮಾರು 60 ಸೆಂಟಿಮೀಟರ್. ಗುಂಡು 140 ಮಿಲಿಮೀಟರ್ ಸರಿದರೆ ಅಂತರ ಅರ್ಧಕ್ಕಿಳಿದಿದೆ, ಬ್ಯಾಲಸ್ಟ್ ಇಲ್ಲದೆ ಹೊರಡಬೇಡಿ. ಟ್ಯಾಂಕಿನಲ್ಲಿ ಅರ್ಧ ನೀರಿದ್ದರೆ ಅದು ವಾಲಿದ ಕಡೆಗೇ ಓಡಿ ಲೆಕ್ಕವನ್ನೆಲ್ಲ ಕೆಡಿಸುತ್ತದೆ.

ಕಡಲಿನಲ್ಲಿದ್ದಾಗ ಗಡಿಯಾರವೇ ಸಾಕು. ಎಡದಿಂದ ಬಲಕ್ಕೆ ವಾಲಿ ಮತ್ತೆ ಎಡಕ್ಕೆ ಬರಲು 8 ಮೀಟರ್ ಅಗಲದ ಹಡಗಿಗೆ 8 ಸೆಕೆಂಡ್ ಹಿಡಿದರೆ ಸರಿಯಿದೆ. 12 ಸೆಕೆಂಡಿಗೆ ಹೋದರೆ, ವಾಲಿದ ಹಡಗು ‘ಏಳಲೋ ಬೇಡವೋ’ ಎಂದು ಯೋಚಿಸುತ್ತಿದೆ ಎಂದರ್ಥ. ಹಾಗೆಂದು ಬ್ಯಾಲಸ್ಟ್ ಸುರಿಯುತ್ತ ಹೋದರೂ ಕಷ್ಟವೇ. 6 ಸೆಕೆಂಡಿಗೆ ಇಳಿದರೆ ಹಡಗು ಜಗ್ಗನೆ ಎದ್ದು ನಿಂತು ಫಿರಂಗಿಯವರನ್ನು ನಿಲ್ಲಗೊಡುವುದಿಲ್ಲ, ಗುರಿಯೂ ಕೂಡದು.

ಉತ್ತರ ಧ್ರುವದ ಕಡೆ ಇನ್ನೊಂದು ಶತ್ರು: ಮಂಜು. ಸಿಡಿದ ನೀರು ಫಿರಂಗಿ, ಕಂಬ, ಹಗ್ಗಗಳ ಮೇಲೆ ಹೆಪ್ಪುಗಟ್ಟುತ್ತದೆ. 5 ಮೀಟರ್ ಎತ್ತರದಲ್ಲಿ 30 ಟನ್ ಮಂಜು ಕಟ್ಟಿದರೆ ಭಾರಕೇಂದ್ರ 20 ಸೆಂಟಿಮೀಟರ್ ಏರುತ್ತದೆ. ಕೊಡಲಿ, ಸುತ್ತಿಗೆ ಹಿಡಿದು ಸರದಿಯಲ್ಲಿ ಒಡೆಯುವುದು ಬಿಟ್ಟರೆ ಬೇರೆ ದಾರಿಯಿಲ್ಲ. ಯಾವ ಫಿರಂಗಿಯೂ ಇಲ್ಲದೆ ಬರೀ ಮೀನಿಗೆ ಹೋಗಿದ್ದ ‘ಲೊರೆಲ್ಲ’, ‘ರೊಡೆರಿಗೊ’ ಎಂಬ ಎರಡು ಬ್ರಿಟಿಷ್ ಟ್ರಾಲರ್‌ಗಳು 1955ರ ಜನವರಿ 26ರಂದು ಐಸ್‌ಲೆಂಡ್ ಬಳಿ ಇದೇ ಕಾರಣಕ್ಕೆ ಮಗುಚಿದವು.

ಪ್ರಶ್ನೆ: ‘ನಿಧಾನದ ಟ್ರಾಲರಿಗೆ ತನ್ನ ಡೆಪ್ತ್ ಚಾರ್ಜೇ ಶತ್ರು’ ಎಂದು ಬರೆದಿದ್ದಿರಿ. ಉತ್ಪ್ರೇಕ್ಷೆ ಅಲ್ಲವೇ?

ಉತ್ತರ: ಅಲ್ಲ, ನೀವೇ ಲೆಕ್ಕ ಹಾಕಿ. ಬ್ರಿಟಿಷರ 7ನೇ ಮಾದರಿಯ ಡೆಪ್ತ್ ಚಾರ್ಜ್ ಒಂದು ಪೀಪಾಯಿ. ಒಟ್ಟು 420 ಪೌಂಡ್, ಅದರಲ್ಲಿ ಸ್ಫೋಟಕ 290 ಪೌಂಡ್. ನೀರಿನಲ್ಲಿ ಮುಳುಗುವ ವೇಗ ಸೆಕೆಂಡಿಗೆ 7ರಿಂದ 10 ಅಡಿ. 50 ಅಡಿ ಆಳಕ್ಕೆ ಹೊಂದಿಸಿದ್ದರೆ 6 ಸೆಕೆಂಡಿನ ಆಸುಪಾಸಿನಲ್ಲಿ ಸಿಡಿಯುತ್ತದೆ. 10 ನಾಟ್ ಎಂದರೆ ಸೆಕೆಂಡಿಗೆ ಸುಮಾರು 17 ಅಡಿ. ಆ 6 ಸೆಕೆಂಡಿನಲ್ಲಿ ಟ್ರಾಲರ್ ಸಾಗಿದ್ದು ಬರೀ 100 ಅಡಿ, ತನ್ನ ಉದ್ದದಷ್ಟೂ ಇಲ್ಲ. 25 ನಾಟ್ ಓಡುವ ಡಿಸ್ಟ್ರಾಯರ್ ಯುದ್ಧನೌಕೆ ಅಷ್ಟರಲ್ಲಿ 250 ಅಡಿ ದಾಟಿರುತ್ತದೆ.

100 ಅಡಿ ದೂರದ ಸ್ಫೋಟದಿಂದ ಟ್ರಾಲರ್ ಮುಳುಗದಿರಬಹುದು. ಆದರೆ ಬಲ್ಬುಗಳು ಒಡೆಯುತ್ತವೆ, ಆಸ್ಡಿಕ್ ಕುರುಡಾಗುತ್ತದೆ, ಬಾಯ್ಲರಿನ ಕೀಲುಗಳು ಸೋರುತ್ತವೆ, ಹಿಂಭಾಗದ ರಿವೆಟ್ ಸಡಿಲಾಗಿ ಪ್ರೊಪೆಲರ್ ದಂಡದ ಬಳಿ ನೀರು ಬರುತ್ತದೆ. ಆದ್ದರಿಂದ ಅನುಭವಸ್ಥರು ಎಂಜಿನನ್ನು ಪೂರ್ಣ ವೇಗಕ್ಕೆ ತಂದಲ್ಲದೆ ಕಡಿಮೆ ಆಳದ ಚಾರ್ಜ್ ಉರುಳಿಸುತ್ತಿರಲಿಲ್ಲ.

ವೇಗದ ಕೊರತೆಗೆ ಮದ್ದೇ ಇರಲಿಲ್ಲ. ಟ್ರಾಲರಿನ ಪ್ರೊಪೆಲರನ್ನೇ ಬಲೆ ಎಳೆಯುವ ಬಲಕ್ಕಾಗಿ ತಿದ್ದಿರುತ್ತಾರೆ, ಓಟಕ್ಕಲ್ಲ. 10ರಿಂದ 12 ನಾಟ್ ಅದರ ಮಿತಿ. ನೀರಿನ ಮೇಲೆ ಬಂದ ಜರ್ಮನ್ ಸಬ್‌ಮರೀನ್ 17 ನಾಟ್ ಓಡುತ್ತಿತ್ತು. ಬೇಟೆ ಬೇಟೆಗಾರನಿಗಿಂತ ಚುರುಕು.

ಪ್ರಶ್ನೆ: ಹಾಗಾದರೆ ಟ್ರಾಲರ್‌ಗಳು ಸಬ್‌ಮರೀನ್ ಗೆದ್ದದ್ದುಂಟೇ?

ಉತ್ತರ: ಉಂಟು. 1940ರ ಜೂನ್ 19ರಂದು ಏಡನ್ ಬಳಿ ‘ಮೂನ್‌ಸ್ಟೋನ್’ ಎಂಬ ಟ್ರಾಲರ್ ಇಟಲಿಯ ‘ಗೆಲಿಲಿಯೊ ಗೆಲಿಲಿ’ ಸಬ್‌ಮರೀನನ್ನು ಡೆಪ್ತ್ ಚಾರ್ಜಿನಿಂದ ಮೇಲೆಬ್ಬಿಸಿ, ಫಿರಂಗಿ ಕಾಳಗದಲ್ಲಿ ಸೋಲಿಸಿ ಸೆರೆ ಹಿಡಿಯಿತು. 1941ರ ಅಕ್ಟೋಬರ್ 4ರಂದು ಕ್ಯಾನರಿ ದ್ವೀಪಗಳ ಬಳಿ 477 ಟನ್ನಿನ ‘ಲೇಡಿ ಶರ್ಲಿ’, ತನಗಿಂತ ಎರಡು ಪಟ್ಟು ಭಾರದ ಯು-111 ಅನ್ನು ಅದೇ ರೀತಿ ಮುಳುಗಿಸಿತು. ಸೆರೆಯಾದ ಜರ್ಮನ್ನರ ಸಂಖ್ಯೆ ಟ್ರಾಲರಿನ ನಾವಿಕರಿಗಿಂತ ಹೆಚ್ಚಿತ್ತು. ಎರಡೂ ಕಡೆ ಸಬ್‌ಮರೀನಿನ ನಾಯಕನೇ ಕಾಳಗದಲ್ಲಿ ಸತ್ತ ಎಂಬುದನ್ನು ಗಮನಿಸಿ: ಹತ್ತಿರದ ಹೊಡೆದಾಟದಲ್ಲಿ ಸಣ್ಣ ಬಂದೂಕುಗಳು ಎದುರಾಳಿಯನ್ನು ಫಿರಂಗಿಯ ಹತ್ತಿರ ಬರಗೊಡಲಿಲ್ಲ. ಲೇಡಿ ಶರ್ಲಿ ಅದೇ ಡಿಸೆಂಬರಿನಲ್ಲಿ ಜಿಬ್ರಾಲ್ಟರ್ ಬಳಿ ಎಲ್ಲರೊಂದಿಗೆ ಮುಳುಗಿತು. ಒಟ್ಟಾರೆ ನೋಡಿದರೆ ಇವು ಅಪರೂಪದ ಗೆಲುವುಗಳು. ಟ್ರಾಲರಿನ ನಿತ್ಯದ ಕೆಲಸ ಸಬ್‌ಮರೀನ್ ತಲೆ ಎತ್ತದಂತೆ ಕಾವಲು ಕಾಯುವುದು, ಮುಳುಗಿದ ಹಡಗುಗಳ ಜನರನ್ನು ಎತ್ತಿಕೊಳ್ಳುವುದು.

ಪ್ರಶ್ನೆ: ಮೈನ್ ಗುಡಿಸುವುದಕ್ಕೂ ಬಲೆ ಎಳೆಯುವುದಕ್ಕೂ ನಿಜವಾಗಿ ಸಂಬಂಧ ಇದೆಯೇ?

ಉತ್ತರ: ಹೆಸರಿನಲ್ಲೇ ಇದೆ. ಬಲೆಯ ಬಾಯಿ ತೆರೆದಿಡಲು ಎರಡು ಪಕ್ಕಕ್ಕೆ ಓರೆಯಾಗಿ ಓಡುವ ಹಲಗೆಗಳಿಗೆ ಆಟರ್ ಬೋರ್ಡ್ ಎನ್ನುತ್ತಾರೆ. ಮೈನ್ ಗುಡಿಸುವ ಉಕ್ಕಿನ ಹಗ್ಗವನ್ನು ಪಕ್ಕಕ್ಕೆ ಎಳೆದೊಯ್ಯುವ ಉಪಕರಣದ ಹೆಸರೂ ಆಟರ್, ಕೆಲಸವೂ ಅದೇ. ಈ ಪದ್ಧತಿಯನ್ನು ಪರೀಕ್ಷಿಸಿದ ಟ್ರಾಲರಿನ ಹೆಸರು ‘ಒರೊಪೆಸ’. ಇಡೀ ಸಲಕರಣೆಗೆ ಇವತ್ತಿಗೂ ಅದೇ ಹೆಸರು.

ಕೆಲಸ ಹೀಗೆ. ಹಡಗಿನ ಹಿಂದೆ ಹತ್ತಿರದಲ್ಲಿ ‘ಕೈಟ್’ ಎಂಬ ಚೌಕಟ್ಟು ಹಗ್ಗವನ್ನು ಕೆಳಕ್ಕೆ ಒತ್ತಿ ಹಿಡಿಯುತ್ತದೆ. ಹಗ್ಗದ ದೂರದ ತುದಿಯಲ್ಲಿ ಆಟರ್ ಅದನ್ನು ಪಕ್ಕಕ್ಕೆ ಎಳೆಯುತ್ತದೆ, ಮೇಲೆ ತೇಲುವ ಬುರುಡೆ ಅದು ತೀರ ಆಳಕ್ಕೆ ಹೋಗದಂತೆ ತಡೆದು, ತುದಿ ಎಲ್ಲಿದೆ ಎಂದು ತೋರಿಸುತ್ತದೆ. ಹಗ್ಗದ ಮೈ ಗರಗಸದಂತೆ ಒರಟು. ಲಂಗರು ಕಟ್ಟಿ ನಿಲ್ಲಿಸಿದ ಮೈನಿನ ಸರಪಳಿ ಅದಕ್ಕೆ ಸಿಕ್ಕಿ ತುಂಡಾದರೆ ಮೈನ್ ಮೇಲೆ ತೇಲುತ್ತದೆ, ದೂರದಿಂದ ರೈಫಲಿನಲ್ಲಿ ತೂತು ಹೊಡೆದು ಮುಳುಗಿಸುತ್ತಾರೆ. ಮೊದಲ ಯುದ್ಧದ ಕಾಲದಲ್ಲಿ ಎರಡು ಟ್ರಾಲರ್‌ಗಳು ಸುಮಾರು 500 ಗಜ ದೂರದಲ್ಲಿ ಜೊತೆಜೊತೆಗೆ ಸಾಗಿ ನಡುವೆ ಒಂದೇ ಹಗ್ಗ ಎಳೆಯುತ್ತಿದ್ದವು. ಒಂದು ಸ್ವಲ್ಪ ಹಿಂದೆ ಬಿದ್ದರೆ ಹಗ್ಗ ಜೋತು ನೆಲ ಕಚ್ಚುತ್ತಿತ್ತು.

ತಪ್ಪುವುದು ಎಲ್ಲಿ? ಮೊದಲನೆಯದು ನೀರಿನ ಆಳ. ಟ್ರಾಲರಿನ ಹಿಂಭಾಗ ನೀರಿನಲ್ಲಿ 13–15 ಅಡಿ ಇಳಿದಿರುತ್ತದೆ. ಮೈನ್ ಅದಕ್ಕಿಂತ ಮೇಲೆ ನಿಂತಿದ್ದರೆ ಹಗ್ಗಕ್ಕಿಂತ ಮೊದಲು ಹಡಗೇ ಅದನ್ನು ಮುಟ್ಟುತ್ತದೆ. ಆದ್ದರಿಂದ ಉಬ್ಬರದ ನೀರಿನಲ್ಲೇ ಗುಡಿಸಬೇಕು. ಎರಡನೆಯದು ಪ್ರವಾಹ. 1915ರಲ್ಲಿ ತುರ್ಕಿಯ ಡಾರ್ಡನೆಲ್ಸ್ ಜಲಸಂಧಿಯಲ್ಲಿ ಇದೇ ಆಯಿತು. ಹಗ್ಗ ಎಳೆಯುವಾಗ ಟ್ರಾಲರಿನ ವೇಗ 4 ನಾಟಿನ ಆಸುಪಾಸು, ಎದುರಿನ ಪ್ರವಾಹವೂ ಹೆಚ್ಚುಕಡಿಮೆ ಅಷ್ಟೇ. ಎಂಜಿನ್ ಪೂರ್ತಿ ಓಡುತ್ತಿದ್ದರೂ ಹಡಗು ದಡದ ಫಿರಂಗಿಗಳ ಎದುರು ನಿಂತಲ್ಲೇ ನಿಂತಿತ್ತು. ಪ್ರವಾಹದ ಮೇಲ್ತುದಿಗೆ ಹೋಗಿ ತಿರುಗಿ, ಇಳಿಯುತ್ತ ಗುಡಿಸಲು ನೋಡಿದರು. ಗುಂಡಿನ ಮಳೆಯಲ್ಲಿ ಅದೂ ಪೂರ್ತಿಯಾಗಲಿಲ್ಲ. ಮಾರ್ಚ್ 18ರಂದು ಮೂರು ದೊಡ್ಡ ಯುದ್ಧನೌಕೆಗಳು ಅಲ್ಲಿ ಮೈನ್‌ಗೆ ಸಿಕ್ಕಿ ಮುಳುಗಿದವು. ಮೀನುಗಾರರು ಹೆದರಿದರು ಎಂದು ಆಗ ಅಧಿಕಾರಿಗಳು ದೂರಿದ್ದರು. ದೂರಬೇಕಾದದ್ದು 4ರಲ್ಲಿ 4 ಕಳೆದರೆ ಸೊನ್ನೆ ಎಂಬ ಲೆಕ್ಕವನ್ನು.

1939ರಲ್ಲಿ ಜರ್ಮನ್ನರ ಕಾಂತೀಯ ಮೈನ್ ಬಂದ ಮೇಲೆ ಕಥೆ ಬೇರೆ. ಅದು ತಳದಲ್ಲಿ ಮಲಗಿರುತ್ತದೆ, ಹಗ್ಗಕ್ಕೆ ಸಿಗುವುದಿಲ್ಲ. ಉಕ್ಕಿನ ಹಡಗು ಮೇಲೆ ಹಾದರೆ ಸಿಡಿಯುತ್ತದೆ. ಆ ವರ್ಷ ನವೆಂಬರ್ 23ರಂದು ಇಂಗ್ಲೆಂಡಿನ ಶೂಬರಿನೆಸ್ ತೀರದಲ್ಲಿ ಸಿಕ್ಕ ಒಂದು ಮೈನನ್ನು ಬಿಚ್ಚಿ ಗುಟ್ಟು ತಿಳಿದುಕೊಂಡರು. ಆಮೇಲೆ ಎರಡು ಹಡಗುಗಳು ತೇಲುವ ದಪ್ಪ ಕೇಬಲ್ ಎಳೆಯುತ್ತ, ಕೆಲವೇ ಸೆಕೆಂಡು ಭಾರೀ ವಿದ್ಯುತ್ ಹಾಯಿಸಿ ಮೈನನ್ನು ಹಿಂದೆಯೇ ಸಿಡಿಸುವ ವಿಧಾನ ಬಂತು.

ಪ್ರಶ್ನೆ: ಹಡಗಿನ ಸುತ್ತ ವಿದ್ಯುತ್ ತಂತಿ ಸುತ್ತುತ್ತಿದ್ದರಂತೆ. ಅದರಿಂದ ದಿಕ್ಸೂಚಿ ಕೆಡುವುದಿಲ್ಲವೇ?

ಉತ್ತರ: ಕೆಡುತ್ತದೆ. ಆ ಸುರುಳಿ ಹಡಗಿನ ಕಾಂತತ್ವವನ್ನು ಮೈನ್‌ಗೆ ಕಾಣದಂತೆ ಅಳಿಸಲು. ಅದಲ್ಲದೆ ಚುಕ್ಕಾಣಿ ಕೋಣೆಯ ಮುಂದೆ ಹೊಸ ಉಕ್ಕಿನ ಫಿರಂಗಿ, ಸುತ್ತ ಗುಂಡುನಿರೋಧಕ ತಗಡು. ಹಳೆಯ ದಿಕ್ಸೂಚಿ ಹತ್ತಿಪ್ಪತ್ತು ಡಿಗ್ರಿ ತಪ್ಪಿದರೂ ಆಶ್ಚರ್ಯವಿಲ್ಲ. ಮಾರ್ಪಾಡು ಮುಗಿದ ಕೂಡಲೇ ಹಡಗನ್ನು ದಡದ ಗೊತ್ತಿರುವ ಗುರುತಿನ ಎದುರು 45 ಡಿಗ್ರಿಗೊಮ್ಮೆ ಎಂಟು ದಿಕ್ಕಿಗೆ ನಿಲ್ಲಿಸಿ, ಪ್ರತಿ ದಿಕ್ಕಿನ ತಪ್ಪನ್ನು ಬರೆದು, ಸಣ್ಣ ಅಯಸ್ಕಾಂತಗಳಿಟ್ಟು ತಿದ್ದಿ, ಉಳಿದದ್ದಕ್ಕೆ ಪಟ್ಟಿ ಮಾಡಬೇಕು. ಸುರುಳಿಗೆ ವಿದ್ಯುತ್ ಇರುವಾಗ ಒಂದು ಪಟ್ಟಿ, ಇಲ್ಲದಾಗ ಇನ್ನೊಂದು. ಫಿರಂಗಿಯನ್ನು ಪ್ರತಿ ಸಲ ಒಂದೇ ದಿಕ್ಕಿಗೆ ತಿರುಗಿಸಿ ಕಟ್ಟಿಡಬೇಕು, ಇಲ್ಲದಿದ್ದರೆ ಎರಡು ಪಟ್ಟಿಯೂ ಸುಳ್ಳು. 1940ರಿಂದ ಉಕ್ಕಿನ ಬದಲು ಗ್ರಾನೈಟ್ ಚೂರುಗಳನ್ನು ಡಾಂಬರಿನಂಥ ಅಂಟಿನಲ್ಲಿ ಕಲಸಿದ ರಕ್ಷಾಪದರವನ್ನು ಚುಕ್ಕಾಣಿ ಕೋಣೆಗೆ ಹಚ್ಚತೊಡಗಿದರು. ‘ಪ್ಲಾಸ್ಟಿಕ್ ಆರ್ಮರ್’ ಎಂದು ಹೆಸರು. ಅದರಲ್ಲಿ ಪ್ಲಾಸ್ಟಿಕ್ಕೂ ಇಲ್ಲ, ದಿಕ್ಸೂಚಿ ಕೆಡಿಸುವ ಕಬ್ಬಿಣವೂ ಇಲ್ಲ.

ಪ್ರಶ್ನೆ: ಕಲ್ಲಿದ್ದಲ ಹೊಗೆ ಶತ್ರುವಿಗೆ ಕಾಣುತ್ತಿರಲಿಲ್ಲವೇ?

ಉತ್ತರ: ಮೈಲಿಗಟ್ಟಲೆ ದೂರದಿಂದ ಕಾಣುತ್ತಿತ್ತು. ಒಳ್ಳೆಯ ಉಗಿ ಕಲ್ಲಿದ್ದಲಾದರೆ ಕಡಿಮೆ, ಸಿಕ್ಕಿದ್ದನ್ನು ತುಂಬಿದರೆ ಕಪ್ಪು ಮೋಡ. ಸಲಿಕೆಗೆ ಸ್ವಲ್ಪವೇ ತೆಗೆದು, ತೆಳ್ಳಗೆ ಹರಡಿ, ಮೇಲಿಂದ ಮೇಲೆ ಹಾಕುವವನು ಒಳ್ಳೆಯ ಬೆಂಕಿಯಾಳು. ಒಲೆ ಕೆದಕಿ ಬೂದಿ ತೆಗೆಯುವಾಗ ಉಗಿಯ ಒತ್ತಡ ಇಳಿದು ಒಂದೆರಡು ನಾಟ್ ವೇಗವೂ ಹೋಗುತ್ತದೆ; ಬೆಂಗಾವಲಿನಲ್ಲಿದ್ದಾಗ ಒಲೆಗಳನ್ನು ಒಂದೊಂದಾಗಿಯೇ ಶುಚಿ ಮಾಡಬೇಕು. ಹೊಗೆ ಅಡಗಿಸಿ ಬದುಕಿದ ಉದಾಹರಣೆಯೂ ಇದೆ. 1942ರ ಜುಲೈನಲ್ಲಿ ರಷ್ಯಾಕ್ಕೆ ಸರಕು ಒಯ್ಯುತ್ತಿದ್ದ ಪಿಕ್ಯೂ-17 ಹಡಗುಸಾಲು ಚದುರಿದಾಗ ‘ಏರ್‌ಶೈರ್’ ಟ್ರಾಲರ್ ಮೂರು ಸರಕು ಹಡಗುಗಳನ್ನು ಹಿಮದ ಹಾಸಿನೊಳಕ್ಕೆ ಕರೆದೊಯ್ದು, ಬೆಂಕಿ ತಗ್ಗಿಸಿ, ಹಡಗುಗಳಿಗೆ ಬಿಳಿ ಬಣ್ಣ ಬಳಿಸಿ ಬಚ್ಚಿಟ್ಟಿತು. ಮೂರೂ ರಷ್ಯಾ ಮುಟ್ಟಿದವು.

ಪ್ರಶ್ನೆ: ಕಳೆದ ಲೇಖನದಲ್ಲಿ ಹಡಗಿನ ಹೆಸರಿನ ಮುಂದೆ ‘ಎಚ್‌ಎಂಟಿ’ ಎಂದಿತ್ತು. ನಮಗೆ ಗೊತ್ತಿರುವುದು ಗಡಿಯಾರದ ಎಚ್‌ಎಂಟಿ!

ಉತ್ತರ: ಇದು ‘ಹಿಸ್ ಮೆಜೆಸ್ಟೀಸ್ ಟ್ರಾಲರ್’. ಎರಡನೇ ಯುದ್ಧದಲ್ಲಿ ಟ್ರಾಲರ್ ನಾವಿಕರ ಕೇಂದ್ರ ಇಂಗ್ಲೆಂಡಿನ ಲೋಸ್ಟಾಫ್ಟ್ ಪಟ್ಟಣದ ಒಂದು ಉದ್ಯಾನ, ಹೆಸರು ‘ಗುಬ್ಬಚ್ಚಿ ಗೂಡು’ ಎಂಬರ್ಥದ ಸ್ಪ್ಯಾರೋಸ್ ನೆಸ್ಟ್. ನೌಕಾಪಡೆಯ ಶಿಸ್ತಿನವರು ಇವರನ್ನು ‘ಹ್ಯಾರಿ ಟೇಟನ ನೌಕಾಪಡೆ’ ಎಂದು ಗೇಲಿ ಮಾಡುತ್ತಿದ್ದರು. ಟೇಟ್ ಆ ಕಾಲದ ರಂಗಭೂಮಿಯ ಹಾಸ್ಯಗಾರ, ಅವನ ಆಟದಲ್ಲಿ ಯಾವ ಯಂತ್ರವೂ ನೆಟ್ಟಗೆ ಓಡುವುದಿಲ್ಲ. ಇವರು ಆ ಹೆಸರನ್ನೇ ಹೆಮ್ಮೆಯಿಂದ ಇಟ್ಟುಕೊಂಡರು. ಕಡಲೇ ಸಮಾಧಿಯಾದ ಎರಡು ಸಾವಿರಕ್ಕೂ ಹೆಚ್ಚು ಜನರ ಹೆಸರು ಅದೇ ಊರಿನ ಸ್ಮಾರಕದಲ್ಲಿದೆ.

ಪ್ರಶ್ನೆ: ಮೀನು ದೋಣಿಗೆ ಗುಂಡು ಹೊಡೆಯುವುದು ಯುದ್ಧದ ಕಾನೂನಿಗೆ ವಿರುದ್ಧವಲ್ಲವೇ?

ಉತ್ತರ: 1907ರ ಹನ್ನೊಂದನೇ ಹೇಗ್ ಒಪ್ಪಂದದ ಮೂರನೇ ವಿಧಿ ಕರಾವಳಿಯಲ್ಲಿ ಮೀನು ಹಿಡಿಯುವ ದೋಣಿಗಳನ್ನಷ್ಟೇ ವಶಪಡಿಸಿಕೊಳ್ಳದಂತೆ ಕಾಪಾಡುತ್ತದೆ. ಯುದ್ಧದಲ್ಲಿ ಯಾವ ರೀತಿಯಲ್ಲಿ ಕೈಹಾಕಿದರೂ ಆ ಕ್ಷಣವೇ ರಕ್ಷಣೆ ಹೋಗುತ್ತದೆ. ಅದಕ್ಕೂ ಮೊದಲು, 1900ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ‘ಪಕೇಟ್ ಹವಾನ’ ಎಂಬ ಕ್ಯೂಬಾದ ದೋಣಿಯ ಮೊಕದ್ದಮೆಯಲ್ಲಿ ಇದನ್ನೇ ಹೇಳಿತ್ತು. ದೂರದ ಕಡಲಿನ ದೊಡ್ಡ ಟ್ರಾಲರ್‌ಗಳಿಗೆ ಈ ಆಸರೆ ಇಲ್ಲ. ಬಣ್ಣ ಬೂದು ಆಗಿರಲಿ ಬಿಡಲಿ, ರೇಡಿಯೊದಲ್ಲಿ ಶತ್ರುಹಡಗಿನ ಸ್ಥಾನ ತಿಳಿಸಿದರೂ ಸಾಕು, ಅದು ಯುದ್ಧದ ದೋಣಿ.

1942ರ ಏಪ್ರಿಲ್ 18ರಂದು ಜಪಾನಿನ ‘ನಿಟ್ಟೊ ಮಾರು 23’ ಮಾಡಿದ್ದು ಅಷ್ಟೇ. ಕಾವಲಿಗೆ ನಿಲ್ಲಿಸಿದ ಪುಟ್ಟ ಮೀನು ಹಡಗು ಅದು. ಅಮೆರಿಕದ ವಿಮಾನವಾಹಕ ನೌಕೆಗಳನ್ನು ಕಂಡು ಸುದ್ದಿ ಕಳಿಸಿತು, ಕೂಡಲೇ ಮುಳುಗಿಹೋಯಿತು. ಆದರೆ ಆ ಒಂದು ಸುದ್ದಿಯಿಂದ, ಜಪಾನಿನ ಮೇಲೆ ದಾಳಿಗೆ ಬಂದಿದ್ದ ಅಮೆರಿಕದ ಡೂಲಿಟಲ್ ಅವರ ಬಾಂಬರ್‌ಗಳು ಜಪಾನಿನಿಂದ ಸುಮಾರು 650 ನಾಟಿಕಲ್ ಮೈಲಿ ದೂರದಲ್ಲೇ, ಯೋಜನೆಗಿಂತ ಬಹಳ ಮೊದಲೇ ಹಾರಬೇಕಾಯಿತು. ಇಂಧನ ಸಾಲದೆ ಒಂದೂ ವಿಮಾನ ಚೀನಾದ ಗೊತ್ತುಮಾಡಿದ ನೆಲೆಗೆ ಇಳಿಯಲಿಲ್ಲ. ಗಸ್ತು ದೋಣಿಯ ಬೆಲೆ ಅದರ ಫಿರಂಗಿಯಲ್ಲಿಲ್ಲ, ಅದರ ರೇಡಿಯೊದಲ್ಲಿದೆ. ಆ ರೇಡಿಯೊದ ಸಂಕೇತ ಪುಸ್ತಕವೇ ಅಪಾಯ ಕೂಡ. 1941ರ ಮಾರ್ಚ್ 4ರಂದು ನಾರ್ವೆಯ ಲೊಫೊಟೆನ್ ಬಳಿ ಜರ್ಮನ್ನರ ಸಶಸ್ತ್ರ ಟ್ರಾಲರ್ ‘ಕ್ರೆಬ್ಸ್’ ಏರಿದ ಬ್ರಿಟಿಷರಿಗೆ ಜರ್ಮನ್ ಸಂದೇಶಗಳನ್ನು ಗುಪ್ತಲಿಪಿಗೆ ತಿರುಗಿಸುವ ಎನಿಗ್ಮಾ ಯಂತ್ರದ ಬಿಡಿ ಚಕ್ರಗಳೂ ಫೆಬ್ರವರಿ ತಿಂಗಳ ಕೀಲಿಗಳೂ ಸಿಕ್ಕವು.

ಪ್ರಶ್ನೆ: ಯುದ್ಧ ಮುಗಿದ ಮೇಲೆ ಮತ್ತೆ ಮೀನು ಹಿಡಿಯಲು ಸಾಧ್ಯವೇ? ಇಂದಿನ ಟ್ರಾಲರ್‌ಗಳಿಗೂ ಹೀಗೆ ಮಾಡಬಹುದೇ?

ಉತ್ತರ: ಮೊದಲನೆಯದಕ್ಕೆ: ಬಾಡಿಗೆಗೆ ಪಡೆದವು ದುರಸ್ತಿಯಾಗಿ ಮಾಲೀಕರಿಗೆ ಮರಳಿದವು. ಬ್ಯಾಲಸ್ಟ್ ತೆಗೆಯುವುದೇ ದೊಡ್ಡ ಕೆಲಸ. ಕಬ್ಬಿಣದ ಗಟ್ಟಿ ಹಾಕಿದ್ದರೆ ಎತ್ತಿದರಾಯಿತು. ಕಾಂಕ್ರೀಟು ಸುರಿದಿದ್ದರೆ ಒಡೆದು ತೆಗೆಯಬೇಕು, ಅದರಡಿಯ ತಗಡಿನ ಸ್ಥಿತಿ ಆಗಲೇ ತಿಳಿಯುವುದು. ಆಸ್ಡಿಕ್ಕಿನ ರಂಧ್ರಕ್ಕೆ ತಗಡು, ಉಗ್ರಾಣಕ್ಕೆ ಹೊಸ ಒಳಪದರ, ಹಲಗೆ, ಮತ್ತೆ ದಿಕ್ಸೂಚಿಯ ಹೊಸ ಪಟ್ಟಿ. ಈ ಕೊನೆಯದನ್ನು ಮರೆತರೆ, ಫಿರಂಗಿಗೆಂದು ತಿದ್ದಿದ ದಿಕ್ಸೂಚಿ ಫಿರಂಗಿ ಇಲ್ಲದ ಹಡಗನ್ನು ಬಂಡೆಗೆ ಕರೆದೊಯ್ಯುತ್ತದೆ.

ಎರಡನೆಯದಕ್ಕೆ: 1982ರಲ್ಲೇ ಮಾಡಿದ್ದಾರೆ. ಫಾಕ್‌ಲ್ಯಾಂಡ್ ಯುದ್ಧಕ್ಕೆ ಬ್ರಿಟನ್ ಹಲ್ ಬಂದರಿನ ‘ಕಾರ್ಡೆಲ್ಲ’, ‘ಫಾರ್ನೆಲ್ಲ’, ‘ಜುನೆಲ್ಲ’, ‘ನಾರ್ಥೆಲ್ಲ’, ‘ಪಿಕ್ಟ್’ ಎಂಬ ಐದು ಟ್ರಾಲರ್‌ಗಳನ್ನು ಪಡೆದು ಮೈನ್ ಗುಡಿಸುವ ದಳವಾಗಿ ಕಳಿಸಿತು. ಈ ಸಲ ನಾವಿಕರು ನೌಕಾಪಡೆಯವರೇ. ಬಲೆಯನ್ನು ಹಿಂಭಾಗದಿಂದ ಎಳೆಯುವ ಹೊಸ ಬಗೆಯ ಹಡಗುಗಳಾದ್ದರಿಂದ ಗುಡಿಸುವ ಹಗ್ಗ ಬಿಡಲು ಹಿಂದಿನ ಡೆಕ್ ಸಿದ್ಧವಾಗಿಯೇ ಇತ್ತು. ದಕ್ಷಿಣ ಜಾರ್ಜಿಯದಲ್ಲಿ ‘ಕ್ವೀನ್ ಎಲಿಜಬೆತ್ 2’ ಹಡಗಿನ ಸೈನಿಕರನ್ನು ಬೇರೆ ಹಡಗುಗಳಿಗೆ ದಾಟಿಸಿದ್ದೂ ಇವೇ. ಅದೇ ಯುದ್ಧದಲ್ಲಿ ಅರ್ಜೆಂಟೀನ ‘ನಾರ್ವಾಲ್’ ಎಂಬ ಟ್ರಾಲರನ್ನು ಬ್ರಿಟಿಷ್ ಹಡಗುಗಳ ಮೇಲೆ ಕಣ್ಣಿಡಲು ಬಿಟ್ಟಿತ್ತು. ಮೇ 9ರಂದು ಬ್ರಿಟಿಷ್ ವಿಮಾನಗಳು ಅದರ ಮೇಲೆ ದಾಳಿ ಮಾಡಿದವು, ಸೈನಿಕರು ಏರಿ ವಶಪಡಿಸಿಕೊಂಡರು, ಮರುದಿನ ಅದು ಮುಳುಗಿತು.